ಸ್ಕ್ರಿಪ್ಟ್ ಬಂದ್ ಇದ್ದವರಿಗೂ ಸೈಟ್ ತೆರೆಯಬೇಕು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಆನೆಗೊಂದಿಯಲ್ಲಿ ನಮ್ಮದೊಂದು ನಾಲ್ಕು ಕೋಣೆಯ ಹೋಂಸ್ಟೇ ಇದೆ. ಹೊರದೇಶದ ಅತಿಥಿಯೊಬ್ಬರು ಮೇಲ್ ಕಳಿಸಿ, 'ನಿಮ್ಮ ಸೈಟಿನಲ್ಲಿ ಬರೀ ಒಂದು ಚಕ್ರ ತಿರುಗುತ್ತದೆ, ಮುಂದೆ ಏನೂ ಬರುವುದಿಲ್ಲ. ನಾನು ಜಾವಾಸ್ಕ್ರಿಪ್ಟ್ ಆಫ್ ಮಾಡಿಟ್ಟಿದ್ದೇನೆ' ಎಂದರು. ಸೈಟ್ ಮಾಡಿಕೊಟ್ಟ ಹುಡುಗ 'ಜಾವಾಸ್ಕ್ರಿಪ್ಟ್ ಆನ್ ಮಾಡಿ ಅಂತ ನೋಸ್ಕ್ರಿಪ್ಟ್ ಟ್ಯಾಗಿನಲ್ಲಿ ಒಂದು ಸಾಲು ಹಾಕಿಬಿಡ್ತೀನಿ' ಅನ್ನುತ್ತಾನೆ. ಅಷ್ಟು ಸಾಕೇನ್ರೀ? (ಕೊಪ್ಪಳ ಜಿಲ್ಲೆಯ ಓದುಗರು)

ಉತ್ತರ: ಸಾಲದು. ಜಾವಾಸ್ಕ್ರಿಪ್ಟ್ ಅಂದರೆ ಪುಟ ತೆರೆದ ಮೇಲೆ ಬ್ರೌಸರಿನಲ್ಲಿ ಓಡುವ ಕೋಡ್, ಇಲ್ಲಿ 'ಸ್ಕ್ರಿಪ್ಟ್' ಅಂದರೂ ಅದೇ. ಸಾಲು ಹಾಕಿಸಿ, ತಪ್ಪೇನಿಲ್ಲ. ಆದರೆ ಬ್ರೌಸರಿನ ಸೆಟ್ಟಿಂಗ್‌ನಲ್ಲೇ ಸ್ಕ್ರಿಪ್ಟ್ ಬಂದ್ ಇದ್ದಾಗ ಮಾತ್ರ ನೋಸ್ಕ್ರಿಪ್ಟ್ ಟ್ಯಾಗಿನೊಳಗಿನ ಬರಹ ಕಾಣುತ್ತದೆ. ನೆಟ್‌ವರ್ಕ್ ಕೈಕೊಟ್ಟು ಸ್ಕ್ರಿಪ್ಟ್ ಫೈಲು ಅರ್ಧಕ್ಕೆ ನಿಂತಿರಬಹುದು, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಅದನ್ನು ತಡೆದಿರಬಹುದು, ಹಳೆಯ ಫೋನಿನ ಬ್ರೌಸರ್ ಹೊಸ ಶೈಲಿಯ ಕೋಡ್ ಅರ್ಥವಾಗದೆ ಇಡೀ ಫೈಲನ್ನೇ ಕೈಬಿಟ್ಟಿರಬಹುದು. ಆಗೆಲ್ಲ ಬ್ರೌಸರಿನ ಲೆಕ್ಕದಲ್ಲಿ ಸ್ಕ್ರಿಪ್ಟ್ 'ಆನ್' ಇದೆ. ನಿಮ್ಮ ಸಾಲು ಅಡಗಿಯೇ ಇರುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ.

ಇದು ಅಪರೂಪದ ಸಂಗತಿ ಅಂದುಕೊಳ್ಳಬೇಡಿ. ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗ 2013ರಲ್ಲಿ ತನ್ನ ಸೈಟಿನ ಮುಖಪುಟದಲ್ಲಿ ಎಣಿಸಿ ನೋಡಿದಾಗ ಶೇ 1.1ರಷ್ಟು ಭೇಟಿಗಳಲ್ಲಿ ಜಾವಾಸ್ಕ್ರಿಪ್ಟ್ ಕೆಲಸ ಮಾಡಿರಲಿಲ್ಲ. ಅದರಲ್ಲಿ ಸ್ಕ್ರಿಪ್ಟ್ ಬಂದ್ ಮಾಡಿಕೊಂಡವರು ಅಥವಾ ಆ ಸೌಲಭ್ಯವೇ ಇಲ್ಲದ ಬ್ರೌಸರಿನವರು ಶೇ 0.2 ಮಾತ್ರ. ಉಳಿದ ಶೇ 0.9 ಮಂದಿಯ ಬ್ರೌಸರಿನಲ್ಲಿ ಸ್ಕ್ರಿಪ್ಟ್ ಆನ್ ಇದ್ದರೂ ಅದು ಓಡಿರಲಿಲ್ಲ. ಹುಡುಗ ಹಾಕುವ ಸಾಲು ಆ 0.2ಕ್ಕೆ ಸಾಲುತ್ತದೆ, 0.9ಕ್ಕೆ ಅಲ್ಲ. ಆದ್ದರಿಂದ ಪುಟ ಮೊದಲು ಬರೀ ಎಚ್‌ಟಿಎಂಎಲ್‌ನಲ್ಲೇ (ಪುಟದ ಬರಹ, ರಚನೆ ಹೇಳುವ ಮೂಲ ಭಾಷೆ) ಪೂರ್ತಿ ನಿಲ್ಲಬೇಕು. ಸ್ಕ್ರಿಪ್ಟ್ ಬಂದರೆ ಅದಕ್ಕೆ ಮೆರುಗು, ಅಷ್ಟೇ.

ಮೊದಲು ಆ ಚಕ್ರ. ಪುಟ ಸಿದ್ಧವಾಗುವವರೆಗೆ ಮೇಲೆ ಬಿಳಿ ಪರದೆ ಎಳೆದು, ಕೊನೆಗೆ ಸ್ಕ್ರಿಪ್ಟ್ ಬಂದು ಅದನ್ನು ಸರಿಸುವ ವ್ಯವಸ್ಥೆ ಇದು. ಸ್ಕ್ರಿಪ್ಟ್ ಬರದಿದ್ದರೆ ಪರದೆ ಸರಿಸುವವರೇ ಇಲ್ಲ. ನಾಲ್ಕು ಕೋಣೆಯ ಹೋಂಸ್ಟೇಗೆ ಈ ಪರದೆ ಬೇಕೇ ಬೇಕೆಂದೇನಿಲ್ಲ, ತೆಗೆಸಿಬಿಡಿ. ಇರಲೇಬೇಕು ಅಂದರೆ 3 ಸೆಕೆಂಡಿನ ನಂತರ ತಾನಾಗಿ ಕರಗುವಂತೆ ಸಿಎಸ್‌ಎಸ್ (ಪುಟದ ರೂಪ ಹೇಳುವ ಭಾಷೆ) ಅನಿಮೇಷನ್ ಹಾಕಿಸಿ, ಫಿಲ್ ಮೋಡ್ 'ಫಾರ್ವರ್ಡ್ಸ್' ಇರಲಿ, ಆಗ ಕರಗಿದ ಪರದೆ ಮರಳಿ ಬರುವುದಿಲ್ಲ. ಇದಕ್ಕೆ ಸ್ಕ್ರಿಪ್ಟ್ ಬೇಡ. ಒಂದು ಎಚ್ಚರಿಕೆ: ಒಪಾಸಿಟಿಯನ್ನು (ಎಷ್ಟು ಗಾಢವಾಗಿ ಕಾಣಬೇಕೆಂಬ ಅಳತೆ) ಮಾತ್ರ ಸೊನ್ನೆ ಮಾಡಿದರೆ ಪರದೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಪುಟದ ಮೇಲೆಯೇ ಕೂತು ಎಲ್ಲ ಕ್ಲಿಕ್ಕುಗಳನ್ನೂ ನುಂಗುತ್ತದೆ. ವಿಸಿಬಿಲಿಟಿಯನ್ನೂ 'ಹಿಡನ್' ಮಾಡಿಸಿ. ಸ್ಕ್ರೋಲ್ ಮಾಡಿದಂತೆ ಕೆಳಗಿಂದ ತೇಲಿಬರುವ ಪ್ಯಾರಾಗಳಿಗೂ ಇದೇ ರೋಗ. ಅವು ಮೊದಲೇ ಒಪಾಸಿಟಿ ಸೊನ್ನೆಯಲ್ಲಿ ಕೂತು ಸ್ಕ್ರಿಪ್ಟಿನ ದಾರಿ ಕಾಯುತ್ತಿರುತ್ತವೆ.

ಕೋಣೆಗಳ ಫೋಟೊ ಬಾರದಿದ್ದರೆ ಇಮೇಜ್ ಟ್ಯಾಗ್ ನೋಡಿಸಿ. ಚಿತ್ರದ ವಿಳಾಸ 'ಎಸ್‌ಆರ್‌ಸಿ'ಯಲ್ಲಿ ಇಲ್ಲದೆ 'ಡೇಟಾ-ಎಸ್‌ಆರ್‌ಸಿ'ಯಲ್ಲಿ ಇದ್ದರೆ ಅದು ಹಳೆಯ ಪದ್ಧತಿ, ಸ್ಕ್ರಿಪ್ಟ್ ಇಲ್ಲದೆ ನಡೆಯದು. ವಿಳಾಸವನ್ನು 'ಎಸ್‌ಆರ್‌ಸಿ'ಗೆ ತಂದು 'ಲೋಡಿಂಗ್' ಗುಣಕ್ಕೆ 'ಲೇಜಿ' ಎಂದು ಬರೆದರೆ, ಓದುಗರು ಹತ್ತಿರ ಬಂದಾಗ ಚಿತ್ರ ತರುವುದನ್ನು ಬ್ರೌಸರೇ ನೋಡಿಕೊಳ್ಳುತ್ತದೆ. ಸ್ಕ್ರಿಪ್ಟ್ ಬಂದ್ ಇದ್ದಾಗ ಬ್ರೌಸರ್ ಈ 'ಲೇಜಿ'ಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಲ್ಲ ಚಿತ್ರಗಳನ್ನೂ ಒಟ್ಟಿಗೇ ತರುತ್ತದೆ. ಹಾಗಾಗಿ ಒಂದೊಂದು ಫೋಟೊ 150 ಕೆಬಿ ದಾಟದಿರಲಿ.

ಇನ್ನು ಬುಕಿಂಗ್ ಫಾರಂ. ನಿಮಗೆ ದುಡ್ಡು ತರುವುದು ಇದೇ, ಹಾಗಾಗಿ ಹೆಚ್ಚು ಹೊತ್ತು ಇಲ್ಲಿ ಕೂಡಿಸಿ ಕೆಲಸ ಮಾಡಿಸಿ. ಫಾರಂ ಟ್ಯಾಗಿನಲ್ಲಿ 'ಆ್ಯಕ್ಷನ್' ವಿಳಾಸವೂ 'ಪೋಸ್ಟ್' ವಿಧಾನವೂ ಇರಲೇಬೇಕು. ಬಟನ್ ನಿಜವಾದ ಸಬ್‌ಮಿಟ್ ಬಟನ್ ಆಗಿರಬೇಕು, ಬಟನ್ ವೇಷದ ಡಿವ್ (ಸಾದಾ ಪೆಟ್ಟಿಗೆ) ಅಲ್ಲ. ದಿನಾಂಕಕ್ಕೆ ಬ್ರೌಸರಿನದೇ 'ಡೇಟ್' ಇನ್‌ಪುಟ್ ಸಾಕು. ಹೊರಡುವ ದಿನ ಬರುವ ದಿನಕ್ಕಿಂತ ಮುಂದಿದೆಯೇ, ಆ ರಾತ್ರಿ ಕೋಣೆ ಖಾಲಿ ಇದೆಯೇ ಎಂಬುದನ್ನು ಎಚ್‌ಟಿಎಂಎಲ್ ಹೇಳಲಾರದು. ಅದನ್ನು ಸರ್ವರ್ ನೋಡಬೇಕು. ಸ್ಕ್ರಿಪ್ಟ್ ನೋಡಿದ್ದರೂ ಸರ್ವರ್ ಮತ್ತೊಮ್ಮೆ ನೋಡಬೇಕು. ತಪ್ಪಿದ್ದರೆ ಅತಿಥಿ ತುಂಬಿದ್ದನ್ನು ಅಳಿಸದೆ ಫಾರಂ ವಾಪಸ್ ತೋರಿಸಿ. ಸರಿಯಿದ್ದರೆ 303 ಉತ್ತರದೊಂದಿಗೆ (ಬೇರೆ ಪುಟಕ್ಕೆ ಹೋಗು ಎಂದು ಬ್ರೌಸರಿಗೆ ಹೇಳುವ ಸಂಕೇತ) 'ಧನ್ಯವಾದ' ಪುಟಕ್ಕೆ ಕಳಿಸಿ. ಇಲ್ಲದಿದ್ದರೆ ರಿಫ್ರೆಶ್ ಒತ್ತಿದವರ ಹೆಸರಿಗೆ ಎರಡು ಬುಕಿಂಗ್ ಬಿದ್ದು ನಿಮಗೆ ತಲೆನೋವು.

'ನಾನು ರೋಬೋಟ್ ಅಲ್ಲ' ಪೆಟ್ಟಿಗೆ ಸ್ಕ್ರಿಪ್ಟ್ ಇಲ್ಲದೆ ನಡೆಯುವುದಿಲ್ಲ. ಅದರ ಬದಲು ಸಿಎಸ್‌ಎಸ್‌ನಿಂದ ಮರೆಮಾಡಿದ ಒಂದು ಸುಳ್ಳು ಅಂಕಣ ಇಡಿಸಿ. ಅದನ್ನು ತುಂಬಿದವರು ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಎಂದು ಸರ್ವರ್ ತಿರಸ್ಕರಿಸಲಿ. ಆ ಅಂಕಣಕ್ಕೆ 'ಇಮೇಲ್', 'ಫೋನ್' ಎಂದು ಹೆಸರಿಟ್ಟರೆ ಬ್ರೌಸರಿನ ಆಟೋಫಿಲ್ ಅದನ್ನು ತುಂಬಿಬಿಡುತ್ತದೆ, ಅಸಲಿ ಅತಿಥಿಯೇ ಹೊರಗುಳಿಯುತ್ತಾರೆ. ಆಟೋಕಂಪ್ಲೀಟ್ ಆಫ್, ಟ್ಯಾಬ್‌ಇಂಡೆಕ್ಸ್ ಮೈನಸ್ 1 ಇರಲಿ, ಆಗ ಟ್ಯಾಬ್ ಕೀ ಒತ್ತುವವರೂ ಅಲ್ಲಿಗೆ ಹೋಗುವುದಿಲ್ಲ.

ಕೊನೆಗೆ ಸಣ್ಣಪುಟ್ಟವು. ಮ್ಯಾಪ್ ಪೆಟ್ಟಿಗೆಯ ಕೆಳಗೆ ಗಂಗಾವತಿ ಕಡೆಯಿಂದ ಬರುವ ದಾರಿಯನ್ನು ಅಕ್ಷರದಲ್ಲೂ ಬರೆಯಿರಿ. ಫೋನ್ ನಂಬರ್ ಸಾದಾ ಲಿಂಕ್ ಆಗಿರಲಿ. ಯುಪಿಐಗೆ ಕ್ಯೂಆರ್ ಚಿತ್ರ ಹಾಕಿದ್ದರೆ ಐಡಿಯನ್ನೂ ಬರೆಯಿರಿ, ಫೋನಿನಲ್ಲಿ ಸೈಟ್ ನೋಡುತ್ತಿರುವವರು ತಮ್ಮದೇ ಪರದೆಯನ್ನು ಸ್ಕ್ಯಾನ್ ಮಾಡುವುದು ಹೇಗೆ? ಸೈಟ್ ಕ್ಲೌಡ್‌ಫ್ಲೇರ್ (ಸೈಟಿಗೆ ವೇಗ, ರಕ್ಷಣೆ ಕೊಡುವ ಮಧ್ಯವರ್ತಿ ಸೇವೆ) ಹಿಂದಿದ್ದರೆ ಅದರ ಇಮೇಲ್ ಮರೆಮಾಚುವ ಸೌಲಭ್ಯ ಆನ್ ಇದೆಯೇ ನೋಡಿಸಿ. ಸ್ಕ್ರಿಪ್ಟ್ ಇಲ್ಲದವರಿಗೆ ಅದು ನಿಮ್ಮ ವಿಳಾಸದ ಜಾಗದಲ್ಲಿ 'ಇಮೇಲ್ ರಕ್ಷಿಸಲಾಗಿದೆ' ಎಂಬರ್ಥದ ಪದಗಳನ್ನಷ್ಟೇ ತೋರಿಸುತ್ತದೆ.

ಇಷ್ಟಾದ ಮೇಲೆ ನೋಸ್ಕ್ರಿಪ್ಟ್ ಸಾಲು ಬರಲಿ, ಆದರೆ ಪುಟದ ನೆತ್ತಿಯ ಮೇಲೆ ಅಪ್ಪಣೆಯ ಹಾಗೆ ಬೇಡ. ಯಾವ ಭಾಗ ಕೆಲಸ ಮಾಡುವುದಿಲ್ಲವೋ ಅದರ ಪಕ್ಕದಲ್ಲೇ 'ಕೋಣೆ ಖಾಲಿ ಇದೆಯೇ ತಿಳಿಯಲು ಈ ನಂಬರಿಗೆ ಕರೆ ಮಾಡಿ' ಎಂದು ದಾರಿ ತೋರಿಸಲಿ. ಸ್ಕ್ರಿಪ್ಟ್ ಇಲ್ಲದವರನ್ನು ಬೇರೊಂದು ಪುಟಕ್ಕೆ ತಾನಾಗಿ ತಳ್ಳುವ ಉಪಾಯವಂತೂ ಬೇಡವೇ ಬೇಡ. ಬ್ಯಾಕ್ ಒತ್ತಿದಷ್ಟೂ ಮತ್ತೆ ಅಲ್ಲಿಗೇ ತಳ್ಳುತ್ತದೆ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೋಲ್‌ಸೇಲ್ ನಮ್ಮದು. ಕ್ಯಾಟಲಾಗ್ ಸೈಟ್ ರಿಯಾಕ್ಟ್‌ನಲ್ಲಿದೆ. ಪ್ಯಾಂಟಿನ ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಫೋಟೊನೂ ಬರುವುದಿಲ್ಲ, ಹೆಸರೂ ಬರುವುದಿಲ್ಲ. ಇದಕ್ಕೂ ಸ್ಕ್ರಿಪ್ಟಿಗೂ ಸಂಬಂಧ ಇದೆಯಾ?

ಉತ್ತರ: ಇದೆ. ಪ್ರಿವ್ಯೂ ಮಾಡುವಾಗ ವಾಟ್ಸ್‌ಆ್ಯಪ್ ನಿಮ್ಮ ಪುಟದ ಎಚ್‌ಟಿಎಂಎಲ್ ತರುತ್ತದೆ, ಸ್ಕ್ರಿಪ್ಟ್ ಓಡಿಸುವುದಿಲ್ಲ. ಅದೂ ಸ್ಕ್ರಿಪ್ಟ್ ಬಂದ್ ಇಟ್ಟ ಗಿರಾಕಿಯೇ. ರಿಯಾಕ್ಟ್ ಪುಟವನ್ನು ಬ್ರೌಸರಿನಲ್ಲೇ ಸ್ಕ್ರಿಪ್ಟಿನಿಂದ ಕಟ್ಟುವ ಸಾಧನ, ಹಾಗಾಗಿ ನಿಮ್ಮ ಪುಟದ ಮೂಲ ತೆರೆದರೆ 'ರೂಟ್' ಎಂಬ ಐಡಿಯ ಒಂದು ಖಾಲಿ ಡಿವ್ ಮಾತ್ರ ಸಿಗುತ್ತದೆ. ವಾಟ್ಸ್‌ಆ್ಯಪ್‌ಗೂ ಸಿಕ್ಕಿದ್ದು ಅಷ್ಟೇ.

ಪ್ರತಿ ಪ್ಯಾಂಟಿನ ಪುಟವನ್ನೂ ಮೊದಲೇ ಸಿದ್ಧ ಎಚ್‌ಟಿಎಂಎಲ್ ಆಗಿ ಕಟ್ಟಿಡಬೇಕು. ನೆಕ್ಸ್ಟ್ ಜೆಎಸ್‌ನಂಥ ಸಾಧನದ ಸ್ಟಾಟಿಕ್ ವಿಧಾನ ಸಾಕು. ದಿನಕ್ಕೊಂದೆರಡು ಸಲ ಬದಲಾಗುವ ದರಪಟ್ಟಿಗೆ ಸದಾ ಓಡುವ ಸರ್ವರ್ ಬೇಕಿಲ್ಲ. ಹೆಡ್ ಭಾಗದಲ್ಲಿ ಓಪನ್ ಗ್ರಾಫ್‌ನ (ಲಿಂಕ್ ಹಂಚಿದಾಗ ಏನು ತೋರಿಸಬೇಕೆಂದು ಹೇಳುವ ಗುರುತುಗಳು) ಶೀರ್ಷಿಕೆ, ವಿವರಣೆ, ಚಿತ್ರದ ಟ್ಯಾಗುಗಳಿರಲಿ. ಚಿತ್ರದ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗಿ ಪೂರ್ತಿ ಇರಲಿ, ಗಾತ್ರ 300 ಕೆಬಿಯೊಳಗೆ ಇರಲಿ. ಸರಿಪಡಿಸಿದ ಮೇಲೂ ಹಳೆಯ ಪ್ರಿವ್ಯೂ ಬಂದರೆ ಗಾಬರಿಯಾಗಬೇಡಿ, ಅದು ಕ್ಯಾಶ್, ಅಂದರೆ ಮೊದಲೇ ತಂದಿಟ್ಟುಕೊಂಡ ಹಳೆಯ ಪ್ರತಿ. ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಯಾವುದಾದರೂ ಅಂಕಿ ಸೇರಿಸಿ ಪರೀಕ್ಷಿಸಿ.

ಪ್ರಶ್ನೆ: ಸ್ಕ್ರಿಪ್ಟ್ ಇಲ್ಲದೆ ಸೈಟ್ ಹೇಗೆ ಕಾಣುತ್ತದೆ ಅಂತ ನೋಡುವುದು ಹೇಗೆ? ಅಂಥವರು ಎಷ್ಟು ಮಂದಿ ಬರುತ್ತಾರೆ ಅಂತ ಎಣಿಸಬಹುದೇ? (ರಾಯಚೂರಿನ ಡಿಪ್ಲೊಮಾ ವಿದ್ಯಾರ್ಥಿ)

ಉತ್ತರ: ಕಂಪ್ಯೂಟರಿನ ಕ್ರೋಮ್‌ನಲ್ಲಿ ಎಫ್12 ಒತ್ತಿ ಡೆವಲಪರ್ ಕಿಟಕಿ ತೆರೆದು, ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ 'ಡಿಸೇಬಲ್ ಜಾವಾಸ್ಕ್ರಿಪ್ಟ್' ಆರಿಸಿ, ಪುಟ ರಿಫ್ರೆಶ್ ಮಾಡಿ. ಆ ಕಿಟಕಿ ಮುಚ್ಚಿದರೆ ಸ್ಕ್ರಿಪ್ಟ್ ಮತ್ತೆ ಆನ್ ಆಗುತ್ತದೆ, ಪರೀಕ್ಷೆ ಮುಗಿಯುವವರೆಗೆ ತೆರೆದಿಡಿ. ಇದು ಅರ್ಧ ಪರೀಕ್ಷೆ. ಸ್ಕ್ರಿಪ್ಟ್ ಆನ್ ಇಟ್ಟುಕೊಂಡೇ, ನೆಟ್‌ವರ್ಕ್ ಫಲಕದಲ್ಲಿ ಮುಖ್ಯ ಸ್ಕ್ರಿಪ್ಟ್ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಅದೊಂದನ್ನೇ ಬ್ಲಾಕ್ ಮಾಡಿ ನೋಡಿ. ಹೆಚ್ಚಿನ ಸೈಟುಗಳು ಮುಗ್ಗರಿಸುವುದು ಇಲ್ಲೇ.

ಎಣಿಕೆಗೆ ಗೂಗಲ್ ಅನಲಿಟಿಕ್ಸ್ ನೆಚ್ಚಬೇಡಿ, ಅದು ಓಡುವುದೇ ಸ್ಕ್ರಿಪ್ಟಿನಿಂದ. ಒಂದು ಪಿಕ್ಸೆಲ್‌ನ ಮೂರು ಚಿತ್ರ ಇಡಿ: ಎಲ್ಲರಿಗೂ ಬರುವಂಥದ್ದು ಒಂದು, ನೋಸ್ಕ್ರಿಪ್ಟ್ ಒಳಗೆ ಒಂದು, ಮುಖ್ಯ ಸ್ಕ್ರಿಪ್ಟ್ ಓಡಿದ ಮೇಲೆ ಸೇರಿಸುವುದು ಒಂದು. ಸರ್ವರ್ ಲಾಗ್‌ನಲ್ಲಿ ಮೂರನ್ನೂ ಎಣಿಸಿ. ಮೊದಲನೆಯದರಿಂದ ಉಳಿದೆರಡನ್ನು ಕಳೆದರೆ ಉಳಿಯುವುದು ಸ್ಕ್ರಿಪ್ಟ್ ಆನ್ ಇದ್ದೂ ಸಿಗದವರ ಲೆಕ್ಕ. ಚಿತ್ರಗಳು ಕ್ಯಾಶ್ ಆಗದಂತೆ 'ನೋ-ಸ್ಟೋರ್' ಹೆಡರ್ ಹಾಕಿ, ಬಾಟ್‌ಗಳ ಸಾಲುಗಳನ್ನು ಲಾಗ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಅಂಕಿ ಸುಮ್ಮನೆ ಉಬ್ಬುತ್ತದೆ.

ಸಿಎಸ್‌ಎಸ್‌ನಲ್ಲಿ 'ಸ್ಕ್ರಿಪ್ಟಿಂಗ್: ನನ್' ಎಂಬ ಮೀಡಿಯಾ ಕ್ವೆರಿ (ಬ್ರೌಸರಿನ ಸ್ಥಿತಿ ನೋಡಿ ರೂಪ ಬದಲಿಸುವ ಷರತ್ತು) 2023ರ ಡಿಸೆಂಬರಿನಿಂದ ಎಲ್ಲ ಪ್ರಮುಖ ಬ್ರೌಸರುಗಳಲ್ಲೂ ಇದೆ. ಸ್ಕ್ರಿಪ್ಟ್ ಇಲ್ಲದೆ ಪ್ರಯೋಜನವಿಲ್ಲದ ಬಟನ್‌ಗಳನ್ನು ಅಡಗಿಸಲು ಅನುಕೂಲ. ಆದರೆ ಹಳೆಯ ಫೋನುಗಳಿಗೆ ಅದು ತಿಳಿಯದು, ಮೇಲಾಗಿ ನೋಸ್ಕ್ರಿಪ್ಟಿನ ಹಾಗೆ ಅದೂ ಪೂರ್ತಿ ಬಂದ್ ಮಾಡಿದವರನ್ನಷ್ಟೇ ಗುರುತಿಸುತ್ತದೆ. ಅಂಥ ಬಟನ್‌ಗಳನ್ನು ಎಚ್‌ಟಿಎಂಎಲ್‌ನಲ್ಲಿ ಇಡುವುದಕ್ಕಿಂತ ಸ್ಕ್ರಿಪ್ಟೇ ಬಂದು ಹುಟ್ಟಿಸುವಂತೆ ಬರೆದರೆ ಈ ತಾಪತ್ರಯವೇ ಇಲ್ಲ.