ದೋಣಿಯವರು ನೀರು ಮುಗಿಸಲಿಲ್ಲ

ಮಂಡ್ಯದ ಓದುಗ ಮಿತ್ರರಿಗೆ ನಮಸ್ಕಾರ.

ಫೀನಿಕ್ಸ್‌ನಲ್ಲಿರುವ ಮಗಳ ಮನೆಗೆ ಹೋದವರು ಅಮೆರಿಕದ ಕೊಲೊರಾಡೋ ನದಿಗೆ ಕಟ್ಟಿದ ಹೂವರ್ ಅಣೆಕಟ್ಟೆ ನೋಡಿ ಬಂದು ಬರೆದಿದ್ದೀರಿ. ಕಟ್ಟೆಯ ಹಿಂದೆ ನೀರು ನಿಂತು ಆದ ಮೀಡ್ ಸರೋವರದ ಬಂಡೆಗಳ ಮೇಲೆ ಬಿಳಿ ಪಟ್ಟೆ, ಕೆಳಗೆ ಮೋಜಿನ ದೋಣಿಗಳು, ಹತ್ತಿರದ ಲಾಸ್ ವೇಗಸ್‌ನಲ್ಲಿ ಕಾರಂಜಿ. "ಮೋಜಿಗೆ ನೀರಿದೆ, ರೈತನಿಗೆ ಮಾತ್ರ ಕಡಿತ. ಇದು ಯಾವ ನ್ಯಾಯ?" ಅಂತ ಕೇಳಿದ್ದೀರಿ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕನ್ನಂಬಾಡಿ ಕಟ್ಟೆ ಇವತ್ತು ಎಷ್ಟು ಅಡಿ ಅಂತ ದಿನಾ ಬೆಳಿಗ್ಗೆ ಪೇಪರ್‌ನಲ್ಲಿ ನೋಡುವವರು ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ತಪ್ಪು ಹೊರಿಸಿದ್ದು ದೋಣಿಯವರ ಮೇಲೆ. ಅದಕ್ಕೆ ನನ್ನ ತಕರಾರಿದೆ.

ಮೊದಲು ಆ ಬಿಳಿ ಪಟ್ಟೆ. ನೀರಿನಲ್ಲಿದ್ದ ಸುಣ್ಣದಂಶ ಬಂಡೆಗೆ ಮೆತ್ತಿಕೊಂಡು, ನೀರು ಇಳಿದ ಮೇಲೆ ಬಿಳಿಯಾಗಿ ಉಳಿದಿದೆ. ಸರೋವರ ತುಂಬಿದಾಗ ನೀರು ಸಮುದ್ರಮಟ್ಟದಿಂದ 1,220 ಅಡಿ ಎತ್ತರದ ಆಸುಪಾಸಿನಲ್ಲಿರುತ್ತದೆ. 2022ರ ಜುಲೈನಲ್ಲಿ 1,040ಕ್ಕೆ ಇಳಿಯಿತು. ಇದರ ಹೊಟ್ಟೆ ಎಷ್ಟು ದೊಡ್ಡದು ಗೊತ್ತಾ? 1,100 ಟಿಎಂಸಿಗೂ ಮೇಲೆ. ಕನ್ನಂಬಾಡಿಯಂಥ 22 ಕಟ್ಟೆಯ ನೀರು ಹಿಡಿಯುತ್ತದೆ. ಆ ಜುಲೈನಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿತ್ತು, ಅಷ್ಟೇ.

ದೋಣಿ ನೀರು ಕುಡಿಯುವುದಿಲ್ಲ, ಅಲ್ವಾ? ದೋಣಿಯವರಿಗೆ ಬೇಕಾದದ್ದು ನೀರಿನ ಮಟ್ಟ. ಅದು ಇಳಿದಾಗ ಮೊದಲು ಪೆಟ್ಟು ತಿಂದವರೂ ಅವರೇ. ದೋಣಿ ಇಳಿಸಲು ಕಟ್ಟಿದ ಕಾಂಕ್ರೀಟ್ ಇಳಿಜಾರುಗಳ ತುದಿ ನೀರು ಮುಟ್ಟದೆ ಒಣ ಮಣ್ಣಿನಲ್ಲಿ ನಿಂತಿತು. ಒಂದೊಂದಾಗಿ ಮುಚ್ಚಿದರು. ವಿದ್ಯುತ್ತಿನ ಕಥೆಯೂ ಬೇರೆಯಲ್ಲ. ಅಲ್ಲಿ ಬರೀ ಕರೆಂಟಿಗಾಗಿ ನೀರು ಬಿಡುವುದಿಲ್ಲ. ಕೆಳಗಿನವರ ಪಾಲಿನ ನೀರು ಹೋಗುವ ದಾರಿಯಲ್ಲೇ ಟರ್ಬೈನ್ ತಿರುಗಿಸಿ ಹೋಗುತ್ತದೆ. 17 ಟರ್ಬೈನ್‌ಗಳಿಂದ ಸುಮಾರು 2,080 ಮೆಗಾವಾಟ್ ಸಾಮರ್ಥ್ಯ. ಆದರೆ ಮೇಲಿನ ನೀರಿನ ಒತ್ತಡ ತಗ್ಗಿದರೆ ಅಷ್ಟೇ ನೀರಿಗೆ ಕರೆಂಟ್ ಕಡಿಮೆ. 2022ರಲ್ಲಿ ಆ ಸಾಮರ್ಥ್ಯ ಹೆಚ್ಚು ಕಡಿಮೆ ಅರ್ಧಕ್ಕೆ ಬಂದಿತ್ತು.

ಲಾಸ್ ವೇಗಸ್ ವಿಷಯಕ್ಕೆ ಬರೋಣ. ನೀವು ನೋಡಿದ್ದು ಬೆಲಾಜಿಯೋ ಹೋಟೆಲಿನ ಕಾರಂಜಿಯಾದರೆ, ಅದಕ್ಕೆ ಸರೋವರದ ನೀರು ಹೋಗುವುದೇ ಇಲ್ಲ. ಆ ಜಾಗದಲ್ಲೇ ಇರುವ ಹಳೇ ಬಾವಿಯ ನೀರು ಅದು. ಲಾಸ್ ವೇಗಸ್ ಇರುವ ಇಡೀ ನೆವಾಡಾ ರಾಜ್ಯಕ್ಕೆ ನದಿಯಲ್ಲಿರುವ ಪಾಲು ವರ್ಷಕ್ಕೆ ಸುಮಾರು 13 ಟಿಎಂಸಿ. ಊರಿನ ಮನೆಗಳೊಳಗೆ ಬಳಸಿದ ನೀರು, ಸ್ನಾನದ್ದು, ಪಾತ್ರೆ ತೊಳೆದದ್ದು, ಕಕ್ಕಸಿನದ್ದು, ಹೆಚ್ಚು ಕಡಿಮೆ ಪೂರ್ತಿ ಶುದ್ಧವಾಗಿ ಹಳ್ಳದ ಮೂಲಕ ಮತ್ತೆ ಸರೋವರ ಸೇರುತ್ತದೆ. ಈ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮ ಬೆಂಗಳೂರಿಗೆ ಇದು ಯಾವಾಗ ಬರುತ್ತದೋ ಅಂತ ಹೊಟ್ಟೆಕಿಚ್ಚೂ ಆಗುತ್ತದೆ.

ಹಾಗಾದರೆ ನೀರು ಎಲ್ಲಿ ಹೋಯಿತು? ಒಪ್ಪಂದದ ಕಾಗದ ತೆಗೆದು ನೋಡಿ. 1922ರಲ್ಲಿ ಕೊಲೊರಾಡೋ ನದಿಯ ಏಳು ರಾಜ್ಯಗಳು ಪಾಲು ಮಾಡಿಕೊಂಡವು. ಮೇಲಿನವರಿಗೆ 327 ಟಿಎಂಸಿ, ಕೆಳಗಿನವರಿಗೆ 327. 1944ರಲ್ಲಿ ಮೆಕ್ಸಿಕೋಗೆ ಇನ್ನೊಂದು 65 ಒಪ್ಪಿದರು. ಒಟ್ಟು 719. ಆ ಮೊದಲ ಲೆಕ್ಕ ಹಾಕಿದ್ದು ಒಳ್ಳೆ ಮಳೆ, ಹಿಮ ಬಿದ್ದ ವರ್ಷಗಳನ್ನು ನೋಡಿ. 2000ರಿಂದ ಈಚೆಗೆ ನದಿ ಸರಾಸರಿ ಕೊಟ್ಟದ್ದು 540ರ ಆಸುಪಾಸು. ಮೇಲಿನ ರಾಜ್ಯಗಳು ತಮ್ಮ ಪಾಲು ಪೂರ್ತಿ ಬಳಸದಿದ್ದರೂ ಸಾಲುತ್ತಿಲ್ಲ. ಸಾಲದ್ದಕ್ಕೆ, ಮರುಭೂಮಿಯ ಬಿಸಿಲಿಗೆ ಸರೋವರದಿಂದ ವರ್ಷಕ್ಕೆ ಸುಮಾರು 6 ಅಡಿ ನೀರು ಆವಿಯಾಗುತ್ತದೆ. ಕೆಳಗಿನ ರಾಜ್ಯಗಳು ಈ ನಷ್ಟವನ್ನು ಯಾರ ಪಾಲಿನಲ್ಲೂ ಕಳೆಯದೆ ದಶಕಗಟ್ಟಲೆ ನಡೆಸಿದವು. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ನದಿ ನೀರಿನ ಬಹುಪಾಲು ಬೇಸಾಯಕ್ಕೇ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆ ಒಂದರ ಹಕ್ಕೇ ಸುಮಾರು 135 ಟಿಎಂಸಿ. ಅಲ್ಲಿ ಚಳಿಗಾಲದ ಸೊಪ್ಪು ತರಕಾರಿ ಬೆಳೆಯುತ್ತಾರೆ, ಜೊತೆಗೆ ದನಕ್ಕೆ ಹಾಕುವ ಕುದುರೆ ಮಸಾಲೆ. ರೈತರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಉಳಿಸುವುದಾದರೆ ದೊಡ್ಡ ಮೊತ್ತ ಉಳಿಯುವುದು ಹೊಲದಲ್ಲೇ. ಆದ್ದರಿಂದ ಉಳಿಸಿದ ರೈತನಿಗೆ ದುಡ್ಡು ಕೊಡಬೇಕು. 2024ರಲ್ಲಿ ಅಲ್ಲಿ ಹಾಗೇ ಮಾಡಿದರು. ಬೇಸಿಗೆಯಲ್ಲಿ ಕೆಲವು ವಾರ ಮೇವಿನ ಹೊಲಕ್ಕೆ ನೀರು ಹಾಯಿಸದಿದ್ದರೆ ಪರಿಹಾರ. ಬೇರು ಆಳಕ್ಕೆ ಹೋಗುವ ಬೆಳೆಯಾದ್ದರಿಂದ ನೀರು ಬಿಟ್ಟಾಗ ಮತ್ತೆ ಚಿಗುರುತ್ತದೆ.

ಇನ್ನು, ಮಗಳ ಮನೆ ನಲ್ಲಿ ನಿಂತುಹೋಗುತ್ತದಾ ಅಂತ ಕೇಳಿದ್ದೀರಿ. ಫೀನಿಕ್ಸ್‌ಗೆ ಸಾಲ್ಟ್, ವರ್ಡೆ ನದಿಗಳ ನೀರೂ ಇದೆ. ಸದ್ಯಕ್ಕೆ ಸುಮ್ನೆ ಹೆದರಬೇಡಿ. 2021ರ ಆಗಸ್ಟ್‌ನಲ್ಲಿ ಮೊದಲ ಸಲ ಅಧಿಕೃತವಾಗಿ ಕೊರತೆ ಘೋಷಿಸಿದರು. ಮರುವರ್ಷ ಫೀನಿಕ್ಸ್ ಇರುವ ಅರಿಜೋನಾ ರಾಜ್ಯಕ್ಕೆ ಸುಮಾರು 22 ಟಿಎಂಸಿ ಕಡಿತವಾಯಿತು. ಅದರ ಹೊಡೆತ ಬಿದ್ದದ್ದು ನಲ್ಲಿಗಿಂತ ಜಾಸ್ತಿ ಪಿನಾಲ್ ಕೌಂಟಿಯ ಹೊಲಗಳಿಗೆ. ಅಲ್ಲಿನ ರೈತರ ಹಕ್ಕು ಸರದಿಯಲ್ಲಿ ಹಿಂದೆ ಇತ್ತು. ಕೆಲವರು ಬೋರ್‌ವೆಲ್ ನೀರಿಗೆ ತಿರುಗಿದರು, ಕೆಲವರು ಹೊಲ ಬೀಳು ಬಿಟ್ಟರು. ರೈತನಿಗೆ ಮಾತ್ರ ಕಡಿತ ಅಂದಿರಲ್ಲ, ಆ ಮಾತು ಅಲ್ಲಿ ನಿಜವೇ. ಫೀನಿಕ್ಸ್‌ನಿಂದ ದಕ್ಷಿಣಕ್ಕೆ ಕಾಸಾ ಗ್ರಾಂಡೆ ಕಡೆ ಅವರ ಹೊಲಗಳಿವೆ. ಮುಂದಿನ ಸಲ ಹೋದಾಗ ಅವರನ್ನು ಮಾತಾಡಿಸಿ ನಮಗೆ ಬರೆಯಿರಿ, ಜಾಗ ಇಟ್ಟಿರುತ್ತೇವೆ.

– ಸಂಪಾದಕ