20 ಆಂತರಿಕ ಸರ್ವಿಸ್‌ಗಳನ್ನು ಒಂದೇ ಎಪಿಐ ಗೇಟ್‌ವೇ ಹಿಂದೆ ತರಬೇಕು. ಕಾಂಗ್, ಎನ್ವಾಯ್, ಕ್ಲೌಡ್‌ನವರದ್ದೇ ಗೇಟ್‌ವೇ, ಇವುಗಳಲ್ಲಿ ಯಾವುದು ಒಳ್ಳೆಯದು?

ಪ್ರತಿ ಸರ್ವಿಸ್‌ಗೂ ಬೇರೆ ವಿಳಾಸ, ಬೇರೆ ಟೋಕನ್, ಬೇರೆ ಲಾಗ್. ಸಾಕಾಗಿಹೋಗಿ, ಸರ್ವಿಸ್‌ಗಳು ತಮ್ಮತಮ್ಮೊಳಗೆ ಮಾಡುವ ಕರೆಗಳನ್ನೂ ಸೇರಿಸಿ ಎಲ್ಲವನ್ನೂ ಒಂದೇ ಬಾಗಿಲಲ್ಲಿ, ಅಂದರೆ ಗೇಟ್‌ವೇಯಲ್ಲಿ, ಬಿಡೋಣ ಅಂತ ಹೊರಟಿದ್ದೀರಿ. ನಾನು ಮಾಡಿದ್ದೂ ಇದನ್ನೇ. 23 ಸರ್ವಿಸ್‌ಗಳು, ಅವುಗಳ ಮುಂದೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ತಂತ್ರಾಂಶದಿಂದ ನಾನೇ ಕಟ್ಟಿದ ಗೇಟ್‌ವೇ.

ನಾಲ್ಕು ತಿಂಗಳು ಯಾರಿಗೂ ತೊಂದರೆ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಲಾಗಿನ್ ನಿಂತುಹೋಯಿತು. ಲಾಗಿನ್ ತಂಡದವರನ್ನು ಕರೆಸಿದೆವು, ಹಿಂದಿನ ದಿನದ ಡಿಪ್ಲಾಯ್ ವಾಪಸ್ ತೆಗೆಸಿದೆವು, ಸರ್ವರ್ ಮತ್ತೆ ಮತ್ತೆ ಶುರು ಮಾಡಿದೆವು. ನಲವತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಸಹೋದ್ಯೋಗಿಯೊಬ್ಬರು ಲಾಗಿನ್ ಸರ್ವರ್‌ನ ಲಾಗ್ ತೆರೆದು ನನ್ನ ಕಡೆ ತಿರುಗಿಸಿದರು. ಕೊನೆಯ ವಿನಂತಿ 11:12ರದ್ದು, ಆಮೇಲೆ ಒಂದು ವಿನಂತಿಯೂ ಇಲ್ಲ. ಒಂದು ಎರರ್ ಕೂಡ ಇಲ್ಲ. ಲಾಗಿನ್ ಕೆಟ್ಟಿರಲೇ ಇಲ್ಲ, ಅದರ ತನಕ ಯಾರೂ ತಲುಪುತ್ತಿರಲಿಲ್ಲ.

ಗೇಟ್‌ವೇ ಲಾಗ್ ನೋಡಿದರೆ ಅಲ್ಲಿ ಒಂದೇ ಸಾಲು ಸುರಿಯುತ್ತಿತ್ತು: ‘512 ವರ್ಕರ್ ಕನೆಕ್ಷನ್ಸ್ ಆರ್ ನಾಟ್ ಎನಫ್’, ಅಂದರೆ 512 ಕನೆಕ್ಷನ್ ಸಾಲುತ್ತಿಲ್ಲ.

ನನ್ನ ತಪ್ಪನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಕಾನ್ಫಿಗರೇಶನ್ ಫೈಲಿನಲ್ಲಿ ನಾನು ಏನನ್ನೂ ಬರೆಯದೆ ಬಿಟ್ಟಿದ್ದ ಜಾಗಗಳೇ ನಮ್ಮನ್ನು ಕೆಡವಿದ್ದು. ಸಂಖ್ಯೆ ಬರೆಯದಿದ್ದರೆ ಎಂಜಿನ್‌ಎಕ್ಸ್‌ನ ಒಂದೊಂದು ವರ್ಕರ್‌ಗೆ (ವಿನಂತಿ ನಿಭಾಯಿಸುವ ಪ್ರೊಸೆಸ್) 512 ಕನೆಕ್ಷನ್. ನಮ್ಮದು ನಾಲ್ಕು ವರ್ಕರ್, ಒಟ್ಟು 2048. ಪ್ರತಿ ವಿನಂತಿಗೆ ಎರಡು ಕನೆಕ್ಷನ್ ಬೇಕು: ಕರೆದವರ ಕಡೆಗೊಂದು, ಹಿಂದಿನ ಸರ್ವಿಸ್ ಕಡೆಗೊಂದು. ಅಂದರೆ ಒಟ್ಟಿಗೆ ಹಿಡಿಸುವುದು ಹೆಚ್ಚೆಂದರೆ 1024 ವಿನಂತಿ. ಇನ್ನು ಟೈಮ್‌ಔಟ್. ಅದನ್ನೂ ಬರೆದಿರಲಿಲ್ಲ. ಹಿಂದಿನ ಸರ್ವಿಸ್‌ನಿಂದ ಒಂದು ಬೈಟ್ ಕೂಡ ಬರದಿದ್ದರೂ ಎಂಜಿನ್‌ಎಕ್ಸ್ ತಾನಾಗಿ 60 ಸೆಕೆಂಡ್ ಕಾಯುತ್ತದೆ.

ಆ ಬೆಳಿಗ್ಗೆ ವರದಿ ಸರ್ವಿಸ್‌ನ ಡೇಟಾಬೇಸಿನಲ್ಲಿ ಒಂದು ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಅಳಿಸಿಹೋಗಿತ್ತು. 200 ಮಿಲಿಸೆಕೆಂಡಿನ ಕ್ವೆರಿ ನಿಮಿಷ ದಾಟಿತು. ವರದಿ ಪುಟಗಳು ತಾವೇ ರಿಫ್ರೆಶ್ ಆಗುವಂಥವು, ಸೆಕೆಂಡಿಗೆ 40 ವಿನಂತಿ ಬರುತ್ತಲೇ ಇತ್ತು. ಮೊದಲು ಯಾವ ಹೊತ್ತಿಗೂ ಗೇಟ್‌ವೇಯಲ್ಲಿ ಇರುತ್ತಿದ್ದದ್ದು ಬರೀ 8 ವರದಿ ವಿನಂತಿ. ಈಗ 40ಕ್ಕೆ 60 ಗುಣಿಸಿದರೆ 2400. ಇದ್ದ ಜಾಗ 1024. ಇಪ್ಪತ್ತೈದೇ ಸೆಕೆಂಡಿನಲ್ಲಿ ಗೇಟ್‌ವೇ ತುಂಬಿತು. ಲಾಗಿನ್, ಪಾವತಿ, ಹುಡುಕಾಟ ಎಲ್ಲವೂ ಹೊರಗೇ ಉಳಿದವು. ಮುಂದೆ ನಿಂತು ವಿನಂತಿ ಹಂಚುವ ಲೋಡ್ ಬ್ಯಾಲೆನ್ಸರ್‌ನ ಹೆಲ್ತ್ ಚೆಕ್ ಕೂಡ ಒಳಗೆ ಬರಲಾಗದೆ, ಗೇಟ್‌ವೇಯೇ ಸತ್ತಿದೆ ಅಂತ ತೀರ್ಮಾನಿಸಿ ಕಿತ್ತುಹಾಕಿತು. ಯಾರಿಗೂ ಅಷ್ಟೇನೂ ತುರ್ತಿಲ್ಲದ ಒಂದು ಸರ್ವಿಸ್ ಉಳಿದ 22ನ್ನೂ ಮುಳುಗಿಸಿತು. ಗೇಟ್‌ವೇ ಇಲ್ಲದ ಕಾಲದಲ್ಲಾಗಿದ್ದರೆ ವರದಿ ಮಾತ್ರ ನಿಲ್ಲುತ್ತಿತ್ತು.

512 ಅನ್ನು 4096 ಮಾಡಿದರಾಯಿತಲ್ಲ ಅಂತ ಅನಿಸಬಹುದು. ಜಾಗ ಸಿಗುತ್ತದೆ ನಿಜ, ಆದರೆ ಆ 2400 ವಿನಂತಿಯೂ ಮೊದಲೇ ಸೋತು ಕೂತಿರುವ ಡೇಟಾಬೇಸ್ ಮೇಲೆ ಬೀಳುತ್ತವೆ. ಬೇಕಿದ್ದದ್ದು ಸರ್ವಿಸ್‌ವಾರು ಮಿತಿ. ಈಗ ವರದಿಗೆ ‘ಮ್ಯಾಕ್ಸ್ ಕಾನ್ಸ್’ (ಒಟ್ಟಿಗೆ ಇರಬಹುದಾದ ಕನೆಕ್ಷನ್) 60, ಟೈಮ್‌ಔಟ್ 5 ಸೆಕೆಂಡ್. ಮಿತಿ ದಾಟಿದವರಿಗೆ ತಕ್ಷಣ 502 ಎರರ್ ಹೋಗುತ್ತದೆ, ಹೋಗಲಿ. ಅಪ್‌ಸ್ಟ್ರೀಮ್‌ಗೆ (ಹಿಂದಿನ ಸರ್ವರ್‌ಗಳ ಗುಂಪಿಗೆ) ‘ಝೋನ್’, ಅಂದರೆ ವರ್ಕರ್‌ಗಳೆಲ್ಲ ಹಂಚಿಕೊಳ್ಳುವ ಮೆಮೊರಿ, ಕೊಡಲು ಮಾತ್ರ ಮರೆಯಬೇಡಿ. ಕೊಡದಿದ್ದರೆ ಆ ಮಿತಿ ಪ್ರತಿ ವರ್ಕರ್‌ಗೂ ಪ್ರತ್ಯೇಕವಾಗಿ, ನಮ್ಮಲ್ಲಿ ನಾಲ್ಕು ಪಟ್ಟು ಆಗುತ್ತದೆ. ಇದೂ ನಮಗೆ ತಡವಾಗಿಯೇ ತಿಳಿದದ್ದು.

ಹಾಗಾಗಿ ಯಾವ ಗೇಟ್‌ವೇ ಅನ್ನುವುದು ನನ್ನ ಪ್ರಕಾರ ಎರಡನೇ ಪ್ರಶ್ನೆ. ಎನ್ವಾಯ್ ಏನೂ ಬರೆಯದಿದ್ದರೂ ಕ್ಲಸ್ಟರ್‌ವಾರು (ಹಿಂದಿನ ಒಂದೊಂದು ಸರ್ವಿಸ್‌ಗೂ) 1024ರ ಮಿತಿ, ರೂಟ್‌ಗೆ 15 ಸೆಕೆಂಡಿನ ಟೈಮ್‌ಔಟ್ ಹಾಕಿಕೊಂಡಿರುತ್ತದೆ. ಅದಕ್ಕೇ ನನಗೆ ಅದರ ಮೇಲೆ ಒಲವು. ಕಾಂಗ್‌ನಲ್ಲಿ ಉತ್ತರಕ್ಕೆ ಕಾಯುವ ಟೈಮ್‌ಔಟ್ ಅದೇ 60 ಸೆಕೆಂಡ್. ಕ್ಲೌಡ್‌ನವರದ್ದು, ಅಂದರೆ ಅಮೆಜಾನ್‌ನ ಎಡಬ್ಲ್ಯೂಎಸ್‌ನಂಥದ್ದು, ತಗೊಂಡರೂ ಹಂಚಿಕೊಳ್ಳುವ ಕಷ್ಟ ತಪ್ಪುವುದಿಲ್ಲ: ಸೆಕೆಂಡಿಗೆ 10,000 ವಿನಂತಿ ಅನ್ನುವ ಅದರ ಸಾಮಾನ್ಯ ಮಿತಿ ಒಂದು ರೀಜನ್‌ನಲ್ಲಿ ನಿಮ್ಮ ಖಾತೆಯ ಎಲ್ಲ ಎಪಿಐಗಳಿಗೂ ಸೇರಿ.

ಒಳಗಿನ ಕರೆಗಳನ್ನೂ ಗೇಟ್‌ವೇಯಲ್ಲಿ ಹಾಯಿಸುವ ಯೋಚನೆಯನ್ನಂತೂ ದಯವಿಟ್ಟು ಕೈಬಿಡಿ. ಹೊರಗಿನ ಒಂದು ವಿನಂತಿಗೆ ಒಳಗೆ ಐದು ಕರೆ ಹುಟ್ಟಿದರೆ ಗೇಟ್‌ವೇ ಆರು ಹೊರಬೇಕು, ಯಾವುದೋ ಒಂದು ನಿಧಾನವಾದರೆ ಅದಕ್ಕಾಗಿ ಕಾಯುವ ಕರೆಗಳೂ ಗೇಟ್‌ವೇಯ ಜಾಗವನ್ನೇ ಹಿಡಿದು ಕೂರುತ್ತವೆ. ಹೊರಗಿನವರಿಗೆ ವಿಳಾಸ ಒಂದೇ ಇರಲಿ. ಅದರ ಹಿಂದೆ ಲಾಗಿನ್, ಪಾವತಿಗೆ ಒಂದು ಗೇಟ್‌ವೇ, ಉಳಿದವಕ್ಕೆ ಇನ್ನೊಂದು ಇಡಿ. ಗೇಟ್‌ವೇ ನೋಡಿಕೊಳ್ಳುತ್ತದೆ ಅಂತ ಸರ್ವಿಸ್‌ಗಳಲ್ಲಿ ಟೋಕನ್ ಪರಿಶೀಲನೆ ತೆಗೆಯಲೂ ಬೇಡಿ.

ಚಾಲ್ತಿಗೆ ತರುವ ಮೊದಲು ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆಂದು ಇಟ್ಟ ವ್ಯವಸ್ಥೆಯಲ್ಲಿ) ನಿಮ್ಮ ಅತಿ ಸಣ್ಣ ಸರ್ವಿಸ್ ಒಂದಕ್ಕೆ 90 ಸೆಕೆಂಡಿನ ಸ್ಲೀಪ್ (ಸುಮ್ಮನೆ ಕಾಯುವ ಆದೇಶ) ಹಾಕಿ, ಸೆಕೆಂಡಿಗೆ 40 ವಿನಂತಿ ಬಿಡಿ. ಅರ್ಧ ನಿಮಿಷ ಬಿಟ್ಟು ಇನ್ನೊಂದು ಕಡೆಯಿಂದ ಲಾಗಿನ್ ಆಗಲು ನೋಡಿ. ಪುಟ ತೆರೆಯದಿದ್ದರೆ ಇನ್ನೂ ಕೆಲಸ ಬಾಕಿ ಇದೆ.