ಗ್ಯಾಲಕ್ಸಿಯ ಅಕ್ಕಿ ಡಬ್ಬಿ

ಪ್ರಶ್ನೆ: ನಕ್ಷತ್ರಗಳನ್ನು ಬಿಟ್ಟು ಅವುಗಳ ನಡುವಿನ ಅನಿಲವನ್ನು ಯಾಕೆ ಅಳೆಯುತ್ತಾರೆ ಸಾರ್?
– ಓದುಗರೊಬ್ಬರು, ತಿಪಟೂರು

ಉತ್ತರ: ತಿಂಗಳ ಕೊನೆಗೆ ನಮ್ಮಮ್ಮ ಅಕ್ಕಿ ಡಬ್ಬಿ ತಟ್ಟಿ ನೋಡುತ್ತಿದ್ದರು. ಇದೂ ಹಾಗೇ. ನಕ್ಷತ್ರ ಹುಟ್ಟಲು ಹೈಡ್ರೋಜನ್ನೇ ಅಕ್ಕಿ. ಅದು ಕಣ್ಣಿಗೆ ಕಾಣದು, 21 ಸೆಂಟಿಮೀಟರ್ ರೇಡಿಯೋ ಅಲೆಯಲ್ಲಿ ಪಿಸುಗುಡುತ್ತದೆ. ಪುಣೆ ಜಿಲ್ಲೆಯ ಖೋಡದ್ ಬಳಿ ಅದನ್ನು ಕೇಳಲು 30 ಡಿಶ್‌ಗಳಿವೆ, ಒಂದೊಂದೂ 45 ಮೀಟರ್ ಅಗಲ! ದೂರದ ಒಂದೇ ಗ್ಯಾಲಕ್ಸಿಯ ಪಿಸುಮಾತು ಕೇಳಿಸದು ನೋಡಿ. ಅದಕ್ಕೇ ವಿಜ್ಞಾನಿಗಳ ತಂಡವೊಂದು 7,653 ಗ್ಯಾಲಕ್ಸಿಗಳ ಸಂಕೇತ ಒಟ್ಟು ಸೇರಿಸಿತು. ನನಗಂತೂ ಈ ಉಪಾಯ ಬಹಳ ಹಿಡಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ತಂಡದಲ್ಲಿದ್ದರು. 2020ರಲ್ಲಿ ಲೆಕ್ಕ ಸಿಕ್ಕಿತು: 800 ಕೋಟಿ ವರ್ಷದ ಹಿಂದೆ ಅವುಗಳಲ್ಲಿದ್ದ ಅನಿಲ ಇನ್ನು 100–200 ಕೋಟಿ ವರ್ಷಕ್ಕಷ್ಟೇ ಸಾಕಿತ್ತು. ಹೊರಗಿನಿಂದ ಸಾಕಷ್ಟು ಹೊಸ ಅನಿಲ ಬರದೆ ನಕ್ಷತ್ರಗಳ ಹುಟ್ಟು ಕಡಿಮೆಯಾಗಿರಬೇಕು ಅನ್ನುತ್ತಾರೆ ಅವರು.